ಬಚ್ಚಲ ಹಿಂದಿನ ಗಿಡ

"ಮದ್ದಿನ ಗಿಡ ಯಾವುದೆಂದು ಹೇಳಿಬಿಟ್ಟರೆ ಅದರ ಗುಣ ಹೋಗುತ್ತದಂತೆ. ನಿಜವೇ, ಗುರುಗಳೇ?" ಎಂದು ಶಿಷ್ಯ ಕೇಳಿದ. ಅವನ ತಂದೆ ಸಾಯುವ ಮುನ್ನ ಅವನೊಬ್ಬನಿಗೇ ಒಂದು ಗಿಡ ತೋರಿಸಿ ಹೋಗಿದ್ದರು.

ಗುರುಗಳು ಹೇಳಿದರು:

ಒಬ್ಬ ಪಂಡಿತನಿದ್ದ. ಲಕ್ವ ಹೊಡೆದವರಿಗೆ ಒಂದು ಸೊಪ್ಪಿನ ರಸ ಕೊಡುತ್ತಿದ್ದ. ಮೂರು ದಿನದೊಳಗೆ ಕುಡಿಸಿದರೆ ಮಿದುಳು ಮತ್ತಷ್ಟು ಕೆಡದು, ಹೋದ ಮಾತು ಮರಳುತ್ತದೆ ಎಂದು ಅವನ ನಂಬಿಕೆ, ಊರಿನದೂ ಅದೇ. ಆ ಗಿಡ ಬೆಳೆಯುತ್ತಿದ್ದುದು ಅವನದೇ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ. ಆದರೂ ಆಸಾಮಿ ಚೀಲ ಹೆಗಲಿಗೇರಿಸಿ ಬೆಟ್ಟ ಹತ್ತಿ ಇಳಿದು ಬರುತ್ತಿದ್ದ. ನೋಡಿದವರು ಬೆಟ್ಟಕ್ಕೇ ಕೈ ಮುಗಿಯುತ್ತಿದ್ದರು. ಅರೆಯುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದ.

ಅವನಿಗಿದ್ದವಳು ಮಗಳೊಬ್ಬಳೇ. "ಅಪ್ಪಾ, ನನಗಾದರೂ ಹೇಳು" ಎಂದಳು.

"ಹೇಳಿದರೆ ಗುಣ ಹೋಗುತ್ತದೆ, ತಾಯಿ. ಕಾಲ ಬಂದಾಗ ಹೇಳುತ್ತೇನೆ" ಎಂದ.

ಕಾಲವೇನು ಹೇಳಿ ಕೇಳಿ ಬರುತ್ತದೆಯೇ? ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದ ಹಾಗೆಯೇ ಪಂಡಿತನ ಬಾಯಿ ಸೊಟ್ಟಗಾಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಬುದ್ಧಿ ಮಾತ್ರ ನೆಟ್ಟಗಿತ್ತು. ಅದೇ ದೊಡ್ಡ ಸಂಕಟ.

ಮಗಳು ಬೆಟ್ಟಕ್ಕೆ ಓಡಿದಳು. ಕಂಡ ಸೊಪ್ಪನ್ನೆಲ್ಲ ತಂದು ಒಂದೊಂದಾಗಿ ತೋರಿಸಿದಳು. ಅವನು ತಲೆ ಅಲ್ಲಾಡಿಸಿದ. ಎಡಗೈಯಿಂದ ಬಚ್ಚಲ ಕಡೆ ತೋರಿಸಿದ, ಬಾಯಿ ತೋರಿಸಿದ. ಬಾಯಾರಿದೆಯೆಂದುಕೊಂಡು ಅವಳು ನೀರು ಕುಡಿಸಿ ಮತ್ತೆ ಬೆಟ್ಟಕ್ಕೆ ಓಡಿದಳು. ತಾನು ಸುಳ್ಳಿಗಾಗಿ ಹತ್ತಿದ ಬೆಟ್ಟವನ್ನು ಮಗಳು ಏದುಸಿರು ಬಿಡುತ್ತ ಹತ್ತುವುದನ್ನು ನೋಡಿ ಪಂಡಿತ ಅತ್ತ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮೂರನೆಯ ದಿನ ಸಂಜೆ ಅವಳು ಸೋತು ಕುಳಿತಳು. ಅಪ್ಪನ ಬೆರಳು ಇನ್ನೂ ಬಚ್ಚಲ ಕಡೆಗೇ ಇತ್ತು. ಅಲ್ಲಿ ಕಳೆ ಬೆಳೆದದ್ದು ಅವನಿಗೆ ಸಹಿಸಲಾಗದೇನೋ ಅಂದುಕೊಂಡಳು. ಎದ್ದು ಹೋಗಿ ಎಲ್ಲವನ್ನೂ ಬೇರುಸಹಿತ ಕಿತ್ತು ಹಸುವಿನ ಮುಂದೆ ಹಾಕಿದಳು. ಪಂಡಿತನ ಗಂಟಲಿನಿಂದ ಒಂದು ಸದ್ದು ಬಂತು. ಅಪ್ಪನಿಗೆ ಸಮಾಧಾನವಾಯಿತೆಂದು ತಿಳಿದು ಅವಳು ಕೈ ತೊಳೆದುಕೊಂಡಳು.

ಕತೆ ನಿಂತಿತು. ಶಿಷ್ಯ ಮೆಲ್ಲಗೆ ಕೇಳಿದ: "ರಸ ಕುಡಿಸಿದ್ದರೆ ಮಾತು ಬರುತ್ತಿತ್ತೇ, ಗುರುಗಳೇ?"

"ಅದನ್ನೀಗ ಹಸುವನ್ನೇ ಕೇಳಬೇಕು, ಮಗು. ನಿನ್ನಪ್ಪ ತೋರಿಸಿದ ಗಿಡ ನಿನ್ನ ಬಿಟ್ಟು ಇನ್ಯಾರಿಗೆ ಗೊತ್ತಿದೆ?" ಎಂದರು ಗುರುಗಳು.