ಅಗುಳಿ ಯಾವ ಕಡೆಗೆ

"ಅಮ್ಮಾ, ತನ್ನೊಳಗೇ ಹೊಡೆದಾಡಿ ಎರಡು ಹೋಳಾದ ನಾಡನ್ನು ಮತ್ತೆ ಕಟ್ಟುವವನು ಮೊದಲು ಏನನ್ನು ಸರಿಪಡಿಸಬೇಕು? ಕೋಟೆಯನ್ನೇ, ಸೇತುವೆಯನ್ನೇ?" ಎಂದು ಶಿಷ್ಯ ಗುರುತಾಯಿಯನ್ನು ಕೇಳಿದ.

ಗುರುತಾಯಿ ಕತೆ ಹೇಳಿದರು.

ಒಂದು ನಾಡಿನಲ್ಲಿ ಮನುಷ್ಯರನ್ನು ಮಾರುವ, ಕೊಳ್ಳುವ ಪದ್ಧತಿ ಇತ್ತು. ಅದು ಇರಲೇಬೇಕು ಎಂದು ಕೆಳನಾಡಿನವರು, ಇರಕೂಡದು ಎಂದು ಮೇಲ್ನಾಡಿನವರು ಐದು ವರ್ಷ ಕಾದಾಡಿದರು. ಕೊನೆಗೆ ಮೇಲ್ನಾಡು ಗೆದ್ದಿತು. ಇನ್ನು ಯಾರೂ ಯಾರ ಗುಲಾಮರೂ ಅಲ್ಲ ಎಂದು ರಾಜ ಡಂಗುರ ಸಾರಿಸಿದ. ಸೋತ ಒಡೆಯರನ್ನು ಕ್ಷಮಿಸಿ ಊರಿಗೆ ಮರಳಲು ಬಿಟ್ಟ. ಯುದ್ಧದಲ್ಲಿ ಮುರಿದದ್ದನ್ನೆಲ್ಲ ಸರಿಮಾಡಿಕೊಡಿ ಎಂದು ಬಡಗಿಗಳನ್ನು ಕೆಳನಾಡಿಗೆ ಕಳಿಸಿದ.

ಅವರಲ್ಲೊಬ್ಬ ಮೇಲ್ನಾಡಿನ ದಂಡಿನಲ್ಲಿ ಹೋರಾಡಿದವನು. ಗುಲಾಮರನ್ನು ಬಿಡಿಸಿದವರಲ್ಲಿ ತಾನೂ ಒಬ್ಬ ಎಂಬ ಹೆಮ್ಮೆ ಅವನಿಗೆ. ಒಂದು ದಿನ ಅವನು ಒಬ್ಬ ಒಡೆಯನ ಮನೆಗೆ ಬಂದ. ದೊಡ್ಡ ಮನೆಯ ಬಾಗಿಲು ಸುಟ್ಟುಹೋಗಿತ್ತು. ಹೊಸದನ್ನು ಕೂರಿಸಿದ. ಹಿಂದುಗಡೆ ಗುಲಾಮರಾಗಿದ್ದ ಆಳುಗಳ ಸಾಲುಮನೆ ಇತ್ತು. ಹನ್ನೆರಡು ಕೋಣೆ, ಹನ್ನೆರಡು ಬಾಗಿಲು. ಒಂದೊಂದನ್ನೂ ದೂಡಿ ನೋಡಿದ. ಗಟ್ಟಿಯಾಗಿದ್ದವು. ಇಲ್ಲಿ ಕೆಲಸವೇನೂ ಇಲ್ಲ ಎಂದು ಚೀಲ ಹೆಗಲಿಗೇರಿಸಿದ.

ಒಬ್ಬ ಹೆಂಗಸು ಓಡಿಬಂದು ದಾರಿಗೆ ಅಡ್ಡ ನಿಂತಳು. "ಅಣ್ಣಾ, ನಿಮ್ಮೂರಲ್ಲಿ ಕೋಳಿಗೂಡಿಗೆ ಅಗುಳಿ ಯಾವ ಕಡೆಗಿರುತ್ತದೆ?"

"ಹೊರಗಡೆ."

"ಮನುಷ್ಯರ ಮನೆಗೆ?"

"ಒಳಗಡೆ. ಇದೆಂಥ ಪ್ರಶ್ನೆ, ತಾಯಿ?"

"ಹಾಗಾದರೆ ಇದು ಯಾವ ಕೋಳಿಗಳ ಗೂಡು, ನೀವೇ ನೋಡಿ ಹೇಳಿ."

ಬಡಗಿ ತಿರುಗಿ ನೋಡಿದ. ಹನ್ನೆರಡು ಬಾಗಿಲಿಗೂ ಅಗುಳಿ ಹೊರಗಿತ್ತು. ಈಗಷ್ಟೇ ಅವನು ಹನ್ನೆರಡನ್ನೂ ಕೈಯಿಂದ ಮುಟ್ಟಿ ನೋಡಿದ್ದ.

"ಒಡೆಯ ಇವತ್ತು ಸಂಜೆಗೆ ಬರುತ್ತಾನೆ" ಎಂದಳು ಅವಳು. "ನನಗೊಬ್ಬಳು ಮಗಳಿದ್ದಾಳೆ. ಅವನು ಬಂದು ಅಗುಳಿ ಜಡಿದರೆ, ತೆಗೆಯಲು ನಿಮ್ಮ ರಾಜ ಬರುತ್ತಾನೆಯೇ?"

ಮುರಿಯದ್ದನ್ನು ಮುಟ್ಟಬಾರದು ಎಂಬುದು ರಾಜನ ಅಪ್ಪಣೆ. ಅದನ್ನು ಹೇಳಲು ಬಡಗಿ ಬಾಯಿ ತೆರೆದ. ಮತ್ತೊಮ್ಮೆ ಆ ಅಗುಳಿಗಳ ಕಡೆ ನೋಡಿದ. ಚೀಲ ಇಳಿಸಿ ಉಳಿ ತೆಗೆದ.

ಸುದ್ದಿ ಸಾಲುಮನೆಗೆಲ್ಲ ಹಬ್ಬಿತು. ಹೆಂಗಸರು, ಗಂಡಸರು ಹಿಡಿದ ಕೆಲಸ ಅಲ್ಲಲ್ಲೇ ಬಿಟ್ಟು ಓಡಿಬಂದರು. ಅಗುಳಿ ಕೀಳುವವರು, ಬಾಗಿಲು ಹಿಡಿಯುವವರು, ಮೊಳೆ ಆಯುವವರು. ಬಡಗಿ ಒಳಗಿನ ಚೌಕಟ್ಟಿಗೆ ತೂತು ಕೊರೆಯುತ್ತ ಹೋದ. ಬೆವರು ಒರೆಸಲೂ ಪುರುಸೊತ್ತಿರಲಿಲ್ಲ. ಒಬ್ಬ ಮುದುಕ ತನ್ನ ಬಾಗಿಲು ಮುಗಿದದ್ದೇ ತಡ, ಒಳಗೆ ಹೋಗಿ ಅಗುಳಿ ಹಾಕಿದ, ತೆಗೆದ, ಮತ್ತೆ ಹಾಕಿದ.

"ಒಂದೇ ದಿನಕ್ಕೆ ಸವೆಸಿಬಿಡಬೇಡ ಮಾವಾ!" ಎಂದು ಹೊರಗಿದ್ದವರು ಕೂಗಿ ನಕ್ಕರು.

ಹನ್ನೊಂದು ಮುಗಿಯುವಾಗ ದಾರಿಯಲ್ಲಿ ಒಡೆಯನ ಗಾಡಿಯ ಧೂಳೆದ್ದಿತು. ಹನ್ನೆರಡನೆಯದು ಆ ಹೆಂಗಸಿನದು. ಗಾಡಿ ಅಂಗಳಕ್ಕೆ ತಿರುಗುವಷ್ಟರಲ್ಲಿ ಕೊನೆಯ ಮೊಳೆ ಇಳಿಯಿತು. ಅವಳು ಮಗಳ ಕೈ ಹಿಡಿದು ಒಳಗೆ ಹೋಗಿ ಅಗುಳಿ ಸರಿಸಿದಳು.

ಒಡೆಯ ಇಳಿದವನೇ ನೇರ ಸಾಲುಮನೆಗೆ ಬಂದ. ಅವಳ ಬಾಗಿಲ ಮೇಲೆ ಕೈ ತಾನಾಗಿ ಅಗುಳಿ ಹುಡುಕಿತು. ಅಲ್ಲಿ ಹಳೆಯ ಮೊಳೆಗಳ ಗುರುತು ಮಾತ್ರ ಇತ್ತು. ದೂಡಿದ. ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ದೂಡಿದ. ಅಲುಗಲಿಲ್ಲ. ಬಡಗಿ ಪಕ್ಕದ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಒಡೆಯ ಸುತ್ತ ನಿಂತವರ ಮುಖಗಳನ್ನು ನೋಡಿದ. ಆಮೇಲೆ ಬೆರಳು ಮಡಚಿ ಬಾಗಿಲು ತಟ್ಟಿದ.

ಅವನ ಹೆಜ್ಜೆಯ ಸದ್ದು ಅವಳಿಗೆ ಹುಟ್ಟಿದಂದಿನಿಂದ ಗೊತ್ತು. ಆದರೂ ಒಳಗಿನಿಂದ ಗಟ್ಟಿಯಾಗಿ ಕೇಳಿದಳು:

"ಯಾರದು?"

ಒಡೆಯ ತನ್ನ ಹೆಸರು ಹೇಳಿದ.

ಬಡಗಿಗೆ ನಿಂತಲ್ಲೇ ಕುಣಿಯಬೇಕು ಎನ್ನಿಸಿತು. ಯುದ್ಧ ಗೆದ್ದ ದಿನವೂ ಅವನಿಗೆ ಹಾಗೆ ಅನ್ನಿಸಿರಲಿಲ್ಲ.

ಶಿಷ್ಯನ ಕಣ್ಣುಗಳು ಹೊಳೆದವು. "ನಾನಾಗಿದ್ದರೆ ಮೊದಲ ನೋಟಕ್ಕೇ ಆ ಅಗುಳಿಯನ್ನು ಕಾಣುತ್ತಿದ್ದೆ ಅಮ್ಮಾ!" ಎಂದ.

ಗುರುತಾಯಿ ಕೇಳಿದರು: "ಈ ಬೆಳಿಗ್ಗೆ ಕಸ ಗುಡಿಸುವವಳನ್ನು ಎಬ್ಬಿಸಲು ಹೋದಾಗ, ಅವಳ ಬಾಗಿಲು ತಟ್ಟಿದೆಯಾ ಮಗೂ?"