ಕಡಲಮ್ಮನ ಹಸಿರು ನಾಚಿಕೆ

ಲೋಕ ಇನ್ನೂ ಹೊಚ್ಚ ಹೊಸದಾಗಿದ್ದ ಕಾಲ. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆಗ ಕಡಲಮ್ಮನ ಸೀರೆ ಈ ಅಂಚಿನಿಂದ ಆ ಅಂಚಿನವರೆಗೂ ಬರೀ ನೀಲಿ. ಅವಳಿಗೆ ಆ ನೀಲಿಯದೇ ಜಂಬ. ಒಂದು ಮೋಡ ಅಡ್ಡ ಬಂದರೂ "ನೆರಳು ಬೀಳಿಸಬೇಡ, ಆಚೆ ಹೋಗು" ಎಂದು ಗದರುತ್ತಿದ್ದಳು.

ಅವಳ ಮೇಲುನೀರಿನಲ್ಲಿ ಹಸಿರು ಕಣಗಳಿದ್ದವು. ಒಂದೊಂದೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಬಿಸಿಲು ಕುಡಿಯುವುದು, ಹಿಗ್ಗುವುದು, ಒಂದು ಹೋಗಿ ಎರಡಾಗುವುದು, ಇಷ್ಟೇ ಅವುಗಳ ಕೆಲಸ. ಹಾಗೆ ಹೆಚ್ಚಿ ಹೆಚ್ಚಿ ಒಂದು ದಿನ ನೀಲಿ ಸೀರೆಯ ಮೇಲೆ ಹಸಿರು ಮೂಡಿತು.

"ಅಯ್ಯೋ, ಕಲೆ!" ಎಂದು ಕಡಲಮ್ಮ ಕೂಗಿಕೊಂಡಳು.

"ಕಲೆಯಲ್ಲಮ್ಮಾ, ನಾವು. ನಮಗೂ ಬಿಸಿಲಿನಲ್ಲಿ ಒಂದಿಷ್ಟು ಪಾಲು ಕೊಡು," ಎಂದವು ಕಣಗಳು.

"ಇರುವುದೇ ಇಷ್ಟು. ನಿಮಗೆಂಥ ಪಾಲು?" ಎಂದು ಅವನ್ನೆಲ್ಲ ತಳದ ಕತ್ತಲೆಗೆ ತಳ್ಳಿಬಿಟ್ಟಳು.

ಸೀರೆ ಮತ್ತೆ ನೀಲಿಯಾಯಿತು. ಆದರೆ ಕಣಗಳನ್ನೇ ತಿಂದು ಬದುಕುತ್ತಿದ್ದ ಬೂತಾಯಿ ಮೀನುಗಳು ಬಡಕಲಾದವು, ಮರಿಗಳು ಸಾಯತೊಡಗಿದವು. ಕಡಲಮ್ಮ ಕಂಡೂ ಕಾಣದ ಹಾಗೆ ಇದ್ದಳು.

ಮಳೆಗಾಲ ಹತ್ತಿರ ಬಂದಾಗ ದಡದ ಜನ ರಂಪಣಿ ಬಲೆ ಬಿಟ್ಟರು. ಅದು ದೊಡ್ಡ ಬಲೆ, ಊರಿಗೆ ಊರೇ ಮರಳಲ್ಲಿ ನಿಂತು ಹಗ್ಗ ಎಳೆಯಬೇಕು. ಮುದುಕಿ ಅಕ್ಕುವೂ ಬಂದಳು. ಎಳೆಯುವ ಶಕ್ತಿ ಎಲ್ಲಿಂದ ಬರಬೇಕು? ಹಗ್ಗದ ಮೇಲೆ ಕೈಯಿಟ್ಟು ನಿಂತಳು, ಅಷ್ಟೇ. ಬಲೆಯಲ್ಲಿ ಸಿಕ್ಕಿದ್ದು ಬುಟ್ಟಿಯ ತಳ ಮುಚ್ಚುವಷ್ಟು ಸೊರಗಿದ ಬೂತಾಯಿ.

ಬಲೆಯ ಯಜಮಾನ ಬಚ್ಚ ಮೊದಲ ಮೀನನ್ನು ಅಕ್ಕುವಿನ ಸೆರಗಿಗೆ ಹಾಕಿದ.

"ನಂಗೆಂಥಕ್ಕೆ ಮಗಾ? ನಾನು ಎಳೀಲೇ ಇಲ್ವಲ್ಲ," ಎಂದಳು ಅಕ್ಕು.

"ಹಗ್ಗಕ್ಕೆ ಕೈ ತಾಗಿದ್ರೆ ಪಾಲು ಉಂಟು ಅಜ್ಜಿ. ಸಣ್ಣ ಕೈ, ದೊಡ್ಡ ಕೈ ಅಂತ ನೋಡ್ಲಿಕ್ಕುಂಟಾ?"

ಆ ಮಾತು ಕಡಲಮ್ಮನ ಕಿವಿಗೂ ಬಿತ್ತು. ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಸಿದವರೇ ಪಾಲು ಕೊಡುತ್ತಿದ್ದಾರೆ. ತಾನು ಇಷ್ಟು ನೀರಿಟ್ಟುಕೊಂಡು ಬಿಸಿಲಿಗೂ ಜಿಪುಣಿಯಾದೆ. ಅದೂ ತನ್ನದಲ್ಲದ ಬಿಸಿಲಿಗೆ!

"ಗಾಳಿಯಣ್ಣಾ, ನನ್ನನ್ನು ಇಲ್ಲಿಂದ ದೂರ ತಳ್ಳು. ಈ ದಡಕ್ಕೆ ಮುಖ ತೋರಿಸಲಾರೆ," ಎಂದಳು.

ಮಳೆಗಾಳಿ ತಳ್ಳಿತು. ನೀಲಿ ಸೆರಗು ದಡದಿಂದ ಸರಿಯಿತು. ಅದು ಸರಿದ ಜಾಗಕ್ಕೆ ತಳದ ತಣ್ಣೀರು ಮೇಲೆದ್ದು ಬಂತು, ಅದರ ಜೊತೆ ಹಸಿರು ಕಣಗಳೂ ಬಂದವು.

"ತಪ್ಪಾಯಿತು ಮಕ್ಕಳೇ," ಎಂದಳು ಕಡಲಮ್ಮ.

ಅವಕ್ಕೆ ಎಷ್ಟೋ ಕಾಲದ ಹಸಿವು, ಬಿಸಿಲಿಗೆ ಬಾಯಿ ಹಾಕಿದ್ದವು. ಅದನ್ನು ನೋಡಿ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಅದಕ್ಕೇ ಮಗು, ಈಗಲೂ ಮಳೆಗಾಲ ಬಂದರೆ ಕಡಲಮ್ಮ ನಾಚಿ ಹಿಂದೆ ಸರಿಯುತ್ತಾಳೆ, ದಡದ ನೀರು ಹಸಿರಾಗುತ್ತದೆ, ಅದರ ಬೆನ್ನಿಗೇ ಬೂತಾಯಿಯ ಹಿಂಡು ಬರುತ್ತದೆ. ದೂರದಲ್ಲಿ ಚೆಂದಕ್ಕೆ ನೀಲಿಯಾಗಿ ಕಾಣುತ್ತದಲ್ಲ, ಅಲ್ಲಿ ಹಸಿರು ಕಣಗಳು ಕಡಿಮೆ, ಮೀನಿಗೆ ಹೊಟ್ಟೆ ತುಂಬುವುದು ಇವತ್ತಿಗೂ ಕಷ್ಟ.