ಕ್ಯಾನಿನೊಳಗಿನ ಮರಿ

ಹೊಳೆದಂಡೆಯ ಗುಡಿಯಲ್ಲಿ ಅಮೋಘಯ್ಯಜ್ಜ ಅಂತ ಹಾಲುಮತದ ಗುರು. ಅವರ ಶಿಷ್ಯ ಮಾಳಿಂಗ. ಗುಡಿಗೆ ಆಸ್ತಿ ಅಂದರೆ ಕುರಿಗಳು. ಮರಿ ಮಾರಿ ಬಂದದ್ದರಲ್ಲೇ ದಾಸೋಹ ನಡೆಯುತ್ತಿತ್ತು.

ಅಜ್ಜನಿಗೆ ವಯಸ್ಸಾಗಿತ್ತು. ಕುರಿ ಕಾಯುವ ಕೋಲನ್ನು ಇನ್ನು ಯಾರ ಕೈಗೆ ಕೊಡುವುದು ಎಂಬ ಯೋಚನೆ ಅವರಿಗೆ. ಅದು ತನಗೇ ಬರಬೇಕೆಂಬ ಆಸೆ ಮಾಳಿಂಗನಿಗೆ.

ಕುರಿಗಳು ಆಗಷ್ಟೇ ಈದಿದ್ದವು. ಅಜ್ಜ ಭಕ್ತರ ಊರುಗಳಿಗೆ ಹೊರಟರು.

"ನಾ ಬರೂದು ತಡ ಆಗತೈತಿ. ಏನ್ ಮಾಡ್ಲಿ ಅಂತ ತಲಿ ಕೆಟ್ಟಾಗ ಒಂದ ನೆನಪಿಟ್ಕೋ, ಮಾಳಿಂಗಾ. ಹಿಂಡು."

"ಹೂನ್ರೀ ಅಜ್ಜಾರ."

ಹಾಲು ಹಿಂಡುವುದೂ ಒಂದು ಪರೀಕ್ಷೆಯೇ? ಮಾಳಿಂಗ ಅಂದೇ ಸಂಜೆ ಚರಿಗೆ ಹಿಡಿದು ಕೂತ. ಮರಿಗಳನ್ನು ತಟ್ಟಿಯೊಳಗೆ ಕೂಡಿ ಹಾಕಿ ಹಿಂಡಿದ. ಬೆಳಗ್ಗೆ ಎದ್ದು ಮತ್ತೆ ಹಿಂಡಿದ. ಕೆಚ್ಚಲಲ್ಲಿ ಉಳಿದ ಹನಿಗಳಿಗಷ್ಟೇ ಮರಿಗಳನ್ನು ಬಿಟ್ಟ.

ಪೇಟೆಯಲ್ಲಿ ಖೋವಾ ಮಾಡುವ ಸಂಗಣ್ಣ ಬಂದು ಹಾಲಿಗೆ ಬೆರಳದ್ದಿ ನೋಡಿ ದಂಗಾದ. ಇಷ್ಟು ಗಟ್ಟಿ ಹಾಲಾದರೆ ದಿನಾ ಒಯ್ಯುತ್ತೇನೆ ಎಂದ. ಮಾಳಿಂಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡು ಅಮಾವಾಸ್ಯೆ ಕಳೆದ ಮೇಲೆ ಅಜ್ಜ ಮರಳಿದರು. ದೂರದಿಂದ ಕಂಡವನೇ ಮಾಳಿಂಗ ಎದುರಿಗೆ ಓಡಿದ.

"ಅಜ್ಜಾರ, ನಮ್ಮ ಬಡತನ ಹೋತ್ರಿ. ಮರಿ ದೊಡ್ಡದಾಗೂತನಕ ಯಾಕ ಕಾಯಬೇಕು? ಹಾಲಿಗೆ ದಿನಾ ರೊಕ್ಕ. ಮ್ಯಾಲ ಮರಿನೂ ಮಾರೂದು. ಒಂದ ಕುರಿಗೆ ಎರಡು ಗಳಿಕಿ. ನಮ್ಮ ಹಿರ್ಯಾರಿಗೆ ಇದು ಹೊಳೀಲೇ ಇಲ್ಲ ನೋಡ್ರಿ."

"ಭಾಳ ಚಲೋ," ಎಂದರು ಅಜ್ಜ. "ಮರಿ ವ್ಯಾಪಾರಿಗೆ ಬರಾಕ ಹೇಳಿದ್ದೆ, ಬಂದಾನ. ನಡಿ."

ವ್ಯಾಪಾರಿ ದಸ್ತಗೀರ ತಟ್ಟಿಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಮರಿಯ ಬೆನ್ನ ಮೇಲೆ ಕೈಯಾಡಿಸಿದ. ಇನ್ನೊಂದರ ಮೇಲೆ ಆಡಿಸಿದ. ಮೂರನೆಯದನ್ನು ಮುಟ್ಟದೆ ಎದ್ದುಬಿಟ್ಟ.

"ನಾ ಮಾಂಸ ಮಾರಾಂವ್ರಿ ಅಜ್ಜಾರ. ಇಲ್ಲಿ ಬರೇ ಎಲುಬು ಐತಿ."

ಮಾಳಿಂಗನ ಮುಖ ಬಾಡಿತು. "ಹುಲ್ಲಿಗೆ ಏನೂ ಕಡಿಮಿ ಮಾಡಿಲ್ರಿ. ಮಾಂಸ ಎಲ್ಲಿ ಹೋತೋ ಗೊತ್ತಾಗವಲ್ದು."

ಅಜ್ಜ ಒಂದು ಮರಿಯನ್ನೆತ್ತಿ ಅವನ ಒಂದು ತೋಳಿಗೆ ಕೊಟ್ಟರು. ಪೇಟೆಗೆ ಹೊರಟು ನಿಂತಿದ್ದ ಹಾಲಿನ ಕ್ಯಾನನ್ನು ಇನ್ನೊಂದು ಕೈಗೆ ಕೊಟ್ಟರು.

"ಮರಿ ಹೆಂಗೈತಿ?"

"ಹಗುರ ಐತ್ರಿ."

"ಕ್ಯಾನು?"

"ಭಾರ..." ಮಾಳಿಂಗ ಕ್ಯಾನನ್ನೊಮ್ಮೆ, ಮರಿಯನ್ನೊಮ್ಮೆ ನೋಡಿದ.

ಮರಿ ಅವನ ಹೆಬ್ಬೆರಳನ್ನು ಬಾಯಿಗೆ ತಗೊಂಡು ಚೀಪತೊಡಗಿತು. ಅವನಿಗೆ ಅಳುವೇ ಬಂತು.

ಆಚೆ ರಸ್ತೆಯಲ್ಲಿ ಸಂಗಣ್ಣ ಹಾರ್ನ್ ಹೊಡೆದ. ಮಾಳಿಂಗ ಹೋಗಲಿಲ್ಲ. ಹಾಲನ್ನೆಲ್ಲ ಬೋಗುಣಿಗೆ ಸುರಿದ. ಓಡಿ ಹೋಗಿ ತಟ್ಟಿಯ ಬಾಗಿಲು ತೆಗೆದ.

ಮರಿಗಳು ಒಂದರ ಮೇಲೊಂದು ಬಿದ್ದು ಬಂದವು. ಕೆಲವು ಬೋಗುಣಿಗೆ ಬಾಯಿ ಹಾಕಿದವು. ಉಳಿದವು ಬಾಲ ಅಲ್ಲಾಡಿಸುತ್ತ ತಾಯಂದಿರ ಹೊಟ್ಟೆಯಡಿ ನುಗ್ಗಿದವು. ಹೊಳೆದಂಡೆಯಲ್ಲಿ ಗದ್ದಲವೋ ಗದ್ದಲ. ಮಾಳಿಂಗ ಅಳುತ್ತಲೇ ನಗುತ್ತಿದ್ದ.

ಅಜ್ಜ ಕೋಲನ್ನು ಅವನ ಕೈಗಿಟ್ಟರು.

"ನನಗ್ಯಾಕ್ರಿ ಅಜ್ಜಾರ? ಹಾಲಿಗೆ ಸಾಕೂದೋ, ಮಾಂಸಕ್ಕ ಸಾಕೂದೋ, ಅದ ನನಗಿನ್ನೂ ತಿಳೀವಲ್ದು."

ದಂಡೆಯ ತುಂಬ ಹರಡಿ ನಿಂತ ಕುರಿ ಮರಿಗಳತ್ತ ಅಜ್ಜ ಕೈ ತೋರಿಸಿದರು.

"ಹೋಗುಮುಂದ ಹೇಳಿದ್ನೆಲ್ಲೋ ತಮ್ಮಾ. ಹಿಂಡು."